ಐದಾದ ಮೇಲೆ ಐದೂಕಾಲು

"ಬ್ಯಾಗು ಕೆಳಗಿಡು ಅಂದೆ!"

"ಇಡಲ್ಲ. ಶಾಲೆಗೇ ಹೋಗದ ಹುಡುಗಿಗೆ ಶಾಲೆ ಬ್ಯಾಗು ಎಲ್ಲಿಂದ ಬಂತು, ಅದನ್ನ ಹೇಳು ಮೊದಲು."

"ಮಕ್ಕಳು ಅಂದಮೇಲೆ ಒಂದು ಬ್ಯಾಗು ಇರುತ್ತೆ ಅಕ್ಕ. ಅದಕ್ಕೆ ಇಷ್ಟೊಂದು ಕಿರುಚಬೇಕಾ? ಕೆಳಗಿನ ಮನೆಯವರಿಗೆಲ್ಲ ಕೇಳುತ್ತೆ."

"ಕೇಳಲಿ! ನಂಬಿಸಿ ಕುತ್ತಿಗೆ ಕೊಯ್ಯೋಕೆ ಊರಲ್ಲಿ ಬೇರೆ ಯಾರೂ ಸಿಗಲಿಲ್ಲವೇನೇ ನಿನಗೆ? ಎತ್ತಿ ಆಡಿಸಿದ ಅಕ್ಕನೇ ಆಗಬೇಕಿತ್ತಾ?"

ತಂಗಿ ತಲೆಗೆ ಟವೆಲು ಸುತ್ತಿಕೊಂಡು ಬಚ್ಚಲಿನ ಬಾಗಿಲಲ್ಲಿ ನಿಂತಿದ್ದಳು. ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ. ಅವಳ ಗಂಡ ಮೇಜಿನ ಮುಂದೆ ಚಹಾದ ಲೋಟ ಹಿಡಿದು, ಅದರೊಳಗೆ ಏನೋ ಬಿದ್ದಿರುವಂತೆ ನೋಡುತ್ತಿದ್ದ. ಅವನು ಬಸ್ಸಿನ ಡ್ರೈವರು. ಬೀದಿಯಲ್ಲಿ ಅಡ್ಡ ಬಂದವರನ್ನೆಲ್ಲ ಬೈಯುವವನು, ಮನೆಯಲ್ಲಿ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾನೆ. ಮಕ್ಕಳಿಬ್ಬರೂ ನನ್ನ ಹೊಲಿಗೆ ಮಷೀನಿನ ಹಿಂದೆ ನಿಂತಿದ್ದರು. ದೊಡ್ಡವಳಿಗೆ ಆರು ವರ್ಷ. ಸಣಕಲಿ, ಅದಕ್ಕೇ ಕಡ್ಡಿ. ಚಿಕ್ಕವಳಿಗೆ ನಾಲ್ಕೂವರೆ. ನಿಂತಲ್ಲಿ ನಿಲ್ಲುವುದಿಲ್ಲ, ಬುಗುರಿ. ಅವತ್ತು ಬುಗುರಿಯೂ ನಿಂತಿತ್ತು.

ಬ್ಯಾಗು ತಂದುಕೊಟ್ಟವಳು ಕಡ್ಡಿಯೇ. ತಾಯಿ ಸ್ನಾನಕ್ಕೆ ಹೋದ ಕೂಡಲೇ ಮಂಚದ ಕೆಳಗಿನ ಪೆಟ್ಟಿಗೆಯಿಂದ ಎಳೆದುಕೊಂಡು ಬಂದು, "ದೊಡ್ಡಮ್ಮ, ಇದರ ಪಟ್ಟಿ ಕಿತ್ತುಹೋಗಿದೆ, ಹೊಲಿದುಕೊಡು" ಎಂದಳು. ಆ ಮನೆಯಲ್ಲಿ ಏನು ಹರಿದರೂ ನನ್ನ ಮಡಿಲಿಗೇ ಬರಬೇಕು. ಹರಿದದ್ದನ್ನು ಮುಚ್ಚಿಡಬಾರದು, ಮುಚ್ಚಿಟ್ಟರೆ ಇನ್ನೂ ಹರಿಯುತ್ತದೆ, ಕೂಡಲೇ ತೋರಿಸಬೇಕು ಎಂದು ನಾನೇ ಅವರಿಗೆ ಮೊದಲ ವಾರ ಹೇಳಿಕೊಟ್ಟಿದ್ದೆ. ಬ್ಯಾಗನ್ನು ಮಾತ್ರ ದೊಡ್ಡಮ್ಮನಿಗೆ ತೋರಿಸಬಾರದು ಎಂದು ತಾಯಿ ಹೇಳಿಕೊಟ್ಟಿದ್ದಳಂತೆ. ಎರಡು ಪಾಠದಲ್ಲಿ ಮಗು ನನ್ನ ಪಾಠವನ್ನು ನೆನಪಿಟ್ಟುಕೊಂಡಿತು.

ಹೊಲಿಯುವ ಮೊದಲು ಒಳಗಿನದನ್ನೆಲ್ಲ ತೆಗೆದಿಡಬೇಕಲ್ಲ. ತೆಗೆದೆ. ನಾಲ್ಕು ಅಭ್ಯಾಸ ಪುಸ್ತಕ, ಪೆನ್ಸಿಲ್ ಡಬ್ಬಿ, ಮಡಿಸಿದ ಎರಡು ಕಾಗದ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಓದಲು ಅಷ್ಟು ಸಾಕಾಯಿತು.

ಏನಾಗಿತ್ತು ಎಂದು ಮೊದಲಿಂದ ಹೇಳಿಬಿಡುತ್ತೇನೆ.

ಹೋದ ವರ್ಷ ಕಡ್ಡಿ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅಂಗಿಯ ಕಾಲರು ಕಚ್ಚತೊಡಗಿದಳು. ಬೆಳಗ್ಗೆ ತಿಂದದ್ದು ಮೆಟ್ಟಿಲ ಮೇಲೆ ವಾಂತಿ, ಸಂಜೆ ಬರುವಾಗ ಕಾಲರು ಒದ್ದೆ. ಕಚ್ಚಿ ಕಚ್ಚಿ ನೂಲು ಎದ್ದ ಕಾಲರುಗಳನ್ನು ತಂಗಿ ನನಗೆ ಕಳಿಸುವಳು, ನಾನು ಬಿಚ್ಚಿ ಹೊಸದು ಹಾಕಿಕೊಡುವೆ. ಒಂದೇ ವರ್ಷದಲ್ಲಿ ಹನ್ನೊಂದು ಕಾಲರು ಹಾಕಿದ್ದೇನೆ. ಹನ್ನೆರಡನೆಯದು ಬಂದಾಗ ನಾನೇ ಹೋಗಿ ಬಾಗಿಲು ತಟ್ಟಿದೆ.

"ಕಾಲರು ಬದಲಾಯಿಸಿ ಏನುಪಯೋಗ? ಶಾಲೆ ಬದಲಾಯಿಸು," ಎಂದೆ.

ಒಂದು ವಾರ ಬಿಟ್ಟು ಅವಳೇ ಬಂದಳು. ನಾನು ಆಗ ರೆಡಿಮೇಡ್ ಅಂಗಡಿಯೊಂದರ ಜಗಲಿಯಲ್ಲಿ ಮಷೀನು ಹಾಕಿಕೊಂಡು, ಕೊಂಡವರ ಪ್ಯಾಂಟು ಗಿಡ್ಡ ಮಾಡಿ, ಸೊಂಟ ಬಿಗಿ ಮಾಡಿ ಕೊಡುತ್ತಿದ್ದೆ. ಹತ್ತೊಂಬತ್ತು ವರ್ಷದ ಜಾಗ. ಅಲ್ಲಿ ನನ್ನ ಸ್ಟೂಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಅಕ್ಕ, ಒಂದು ವರ್ಷ ಮಕ್ಕಳನ್ನ ಮನೇಲೇ ಇಟ್ಕೊಳ್ಳೋಣ. ನಾವೇ ಕಲಿಸೋಣ, ಆರಾಮಾಗಿ. ಪರೀಕ್ಷೆ ಇಲ್ಲ, ಗಂಟೆ ಇಲ್ಲ. ನೀನು ನಮ್ಮನೇಗೇ ಬಂದುಬಿಡು" ಎಂದಳು.

"ನಾನಾ? ನನಗೇನೇ ಬರುತ್ತೆ ಕಲಿಸೋಕೆ?"

"ನನ್ನನ್ನ ಕಲಿಸಿದ್ದು ಯಾರು ಮತ್ತೆ?"

ಆ ಮಾತಿಗೆ ಕರಗಿದೆ. ಕರಗದೆ ಏನು ಮಾಡಲಿ? ಅವ್ವ ಹಾಸಿಗೆ ಹಿಡಿದಾಗ ಇವಳಿನ್ನೂ ತೊದಲುತ್ತಿದ್ದಳು. ಏಳನೇ ಕ್ಲಾಸು ಮುಗಿಸಿ ನಾನು ಸೂಜಿ ಹಿಡಿದೆ, ಇವಳನ್ನು ಸೊಂಟದ ಮೇಲೆ ಇಟ್ಟುಕೊಂಡೇ ಹೊಲಿಗೆ ಕಲಿತೆ. ಇವಳು ಓದಿದಳು. ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾಳೆ. ಕೈ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನನಗೂ ಒಮ್ಮೆ ತೆಗೆದಿದ್ದಳು. "ಇರುವೆ ಕಚ್ಚಿದ ಹಾಗೆ ಅಷ್ಟೆ ಅಕ್ಕ, ಮೂರು ಎಣಿಸ್ತೀನಿ, ಮೂರಕ್ಕೆ ಚುಚ್ಚೋದು" ಎಂದು, ಎರಡಕ್ಕೇ ಚುಚ್ಚಿಬಿಟ್ಟಳು. ಕೇಳಿದರೆ, "ಮೂರರವರೆಗೆ ಕಾದರೆ ಎಲ್ಲರೂ ಕೈ ಬಿಗಿ ಹಿಡೀತಾರೆ" ಎಂದು ನಕ್ಕಳು. ನಾನೂ ನಕ್ಕಿದ್ದೆ.

ಜಗಲಿಯ ಜಾಗವನ್ನು ಪಕ್ಕದಲ್ಲಿ ಗುಂಡಿಯ ತೂತಿಗೆ ಕಾಜಾ ಹಾಕುತ್ತಿದ್ದ ಹೆಂಗಸಿಗೆ ಬಿಟ್ಟುಕೊಟ್ಟೆ. ಒಂದು ವರ್ಷ ಎಂದರೆ ಒಂದು ವರ್ಷ ಕಾಯಲು ಅಂಗಡಿಯವನು ನನ್ನ ಮಾವನೇನಲ್ಲ. "ಹೋದರೆ ಹೋದ ಹಾಗೇ" ಎಂದ. ಹೋದೆ.

ವರ್ಷ ಶುರುವಾಗುವ ಮೊದಲು ಅಕ್ಕತಂಗಿ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕಂದು ಕಾಗದ ಹಾಸಿದೆವು. ಬಟ್ಟೆ ಕತ್ತರಿಸುವ ಮೊದಲು ನಾವು ಅಳತೆ ಬರೆದು ನಕ್ಷೆ ತೆಗೆಯುವ ಕಾಗದ ಅದು. ನನಗೆ ಬೇರೆ ರೀತಿಯಲ್ಲಿ ಯೋಚನೆ ಮಾಡಲು ಬರುವುದಿಲ್ಲ. ಚಾಕಿನಿಂದ ಹನ್ನೆರಡು ತುಂಡು ಗೀರಿದೆ, ತಿಂಗಳಿಗೊಂದು. ಮೊದಲ ತಿಂಗಳು ಗುಂಡಿ: ಎಣಿಸುವುದು, ಬಣ್ಣ ಬಣ್ಣ ಬೇರೆ ಮಾಡುವುದು, ಎರಡು ತೂತಿನವು ನಾಲ್ಕು ತೂತಿನವು. ಎರಡನೆಯ ತಿಂಗಳು ಅಳತೆ: ಬಾಗಿಲು, ಕಿಟಕಿ, ಬೆಕ್ಕು, ಅಪ್ಪನ ಹೊಟ್ಟೆ. ಮೂರನೆಯದು ಅಕ್ಷರ: ಮೊದಲು ಬಟ್ಟೆಯ ಮೇಲೆ ಚಾಕಿನಲ್ಲಿ, ಆಮೇಲೆ ಕಾಗದದ ಮೇಲೆ. ನಾಲ್ಕು, ಕುಂಡದಲ್ಲಿ ಬೀಜ. ಐದು, ಬೀದಿ: ಬೇಕರಿಯವನು, ಚಪ್ಪಲಿ ಹೊಲಿಯುವ ಅಜ್ಜ, ಬೀಗದ ಕೈ ಮಾಡುವವನು, ಒಬ್ಬೊಬ್ಬರ ಹತ್ತಿರ ಒಂದೊಂದು ಬೆಳಗ್ಗೆ. ದಿನಕ್ಕೆ ಒಂದು ಗಂಟೆ ಕೂತು ಪಾಠ. ಉಳಿದದ್ದು ನಡೆದಾಡಿಕೊಂಡು.

ಪ್ರತಿ ತಿಂಗಳ ಅಂಚಿಗೂ ಒಂದೂವರೆ ಇಂಚು ಖಾಲಿ ಬಿಟ್ಟೆ.

"ಇದೇನು? ಇಲ್ಲಿ ಏನೂ ಬರೆದಿಲ್ಲ," ಎಂದಳು ತಂಗಿ.

"ಮಕ್ಕಳ ಬಟ್ಟೆಗೆ ಒಳಗಡೆ ಬಟ್ಟೆ ಬಿಡ್ತೀವಲ್ಲ, ಅದು. ಬೆಳೆಯೋ ಮೈ. ಸರಿಯಾಗಿ ಅಳತೆಗೆ ಕತ್ತರಿಸಿದರೆ ಮೂರು ತಿಂಗಳಿಗೆ ಬಿಗಿಯುತ್ತೆ. ಆ ವಾರ ಏನೂ ಕಲಿಸಬಾರದು. ಅವು ಏನು ಮಾಡ್ತವೋ ಮಾಡಲಿ."

ತಂಗಿ ಆ ಖಾಲಿ ಅಂಚಿನ ಮೇಲೆ ಬೆರಳಾಡಿಸಿ ಅತ್ತಳು. "ನಿನಗೆ ಹೊಳೆಯೋದು ನನಗೆ ಯಾಕೆ ಹೊಳೆಯಲ್ಲ ಅಕ್ಕ?" ಎಂದಳು. ನಾನು ನನ್ನ ಸೆರಗಿನಿಂದ ಅವಳ ಮೂಗು ಒರೆಸಿದೆ. ನಲವತ್ತು ಹತ್ತಿರ ಬಂದವಳ ಮೂಗು!

ಕಾಗದ ಅಡುಗೆಮನೆ ಗೋಡೆಗೆ ಏರಿತು. ನಾಲ್ಕು ತಿಂಗಳು ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಕಡ್ಡಿಗೆ ನನ್ನ ಹಳೆಯ ಟೇಪು ಕೊಟ್ಟಿದ್ದೆ, ಕೊರಳಿಂದ ಇಳಿಸುತ್ತಲೇ ಇರಲಿಲ್ಲ. ಅಪ್ಪನ ಹೊಟ್ಟೆ ನಲವತ್ತೊಂದೂ ಮುಕ್ಕಾಲು ಎಂದು ಬಂದವರಿಗೆಲ್ಲ ಹೇಳುವಳು. ಡ್ರೈವರು ಉಸಿರು ಎಳೆದುಕೊಂಡು, "ಈಗ ಅಳೆ, ಈಗ ಅಳೆ" ಎನ್ನುವನು. ಕಾಲರು ಒಣಗಿತು. ನಾನು ಬೈಯುತ್ತಿರಲಿಲ್ಲವೇ? ಬೈಯುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ತೀರಾ ಏರಿದರೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುವೆ. ಬೀದಿಯ ಕೊನೆಯ ಬೇಕರಿ ಮುಟ್ಟುವುದರೊಳಗೆ ಸಿಟ್ಟು ಇಳಿದಿರುತ್ತದೆ. ಒಂದು ಬ್ರೆಡ್ಡು ಕಟ್ಟಿಸಿಕೊಂಡು ವಾಪಸು. ನನ್ನ ಮುಖ ಕಂಡರೇ ಬೇಕರಿಯವನು ಕೇಳದೆ ಬ್ರೆಡ್ಡಿಗೆ ಕಾಗದ ಸುತ್ತುವನು. "ಇವತ್ತು ಯಾರ ಮೇಲಮ್ಮ?" ಎಂದು ಮಾತ್ರ ಕೇಳುವನು.

ಶನಿವಾರ ನಾನು ನೂಲು, ಅಸ್ತರು ತರಲು ಪೇಟೆಗೆ ಹೋಗುತ್ತಿದ್ದೆ. ಮನೆಯಲ್ಲೂ ಬಿಡಿ ಕೆಲಸ ಹಿಡಿದಿದ್ದೆನಲ್ಲ. ಅವತ್ತು ತಂಗಿಗೆ ರಜೆ, ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗುವೆ ಎನ್ನುತ್ತಿದ್ದಳು. ಪಾರ್ಕಿಗೆ ಹೋಗಿ ಬಂದ ಮಕ್ಕಳ ಚಪ್ಪಲಿಗೆ ಮಣ್ಣಿರುತ್ತಿರಲಿಲ್ಲ. ಅದನ್ನು ನೋಡಿದ್ದೆ. ಎರಡು ವಾರದಿಂದ ಕಡ್ಡಿಯ ಕಾಲರಿನ ಎಡ ತುದಿ ಮತ್ತೆ ನೂಲು ಬಿಟ್ಟಿತ್ತು. ಅದನ್ನೂ ನೋಡಿದ್ದೆ. ಹಲ್ಲು ಬೀಳುವ ವಯಸ್ಸು, ಒಸಡು ಕಡಿಯುತ್ತದೆ ಎಂದುಕೊಂಡೆ. ಹರಿದ ಬಟ್ಟೆ ನೋಡಿದರೆ ಎಲ್ಲಿ ಸಿಕ್ಕಿಕೊಂಡು ಹರಿದದ್ದು ಎಂದು ಹೇಳುವವಳು ನಾನು. ಮನೆಯವರನ್ನು ಹಾಗೆ ನೋಡಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಈಗ ಬ್ಯಾಗಿನ ಮಾತಿಗೆ ಬರುತ್ತೇನೆ. ಅಭ್ಯಾಸ ಪುಸ್ತಕದ ತುಂಬ ಕೆಂಪು ಶಾಯಿ. ಒಂದು ಪುಟದಲ್ಲಿ, "ಐದು ಆದ ಮೇಲೆ ಯಾವುದು ಬರುತ್ತದೆ?" ಎಂದು ಕೇಳಿತ್ತು. ಕಡ್ಡಿ ಐದು ಬರೆದು, ಪಕ್ಕದಲ್ಲಿ ಟೇಪಿನಲ್ಲಿ ಇರುವ ಹಾಗೆಯೇ ಒಂದು ಚಿಕ್ಕ ಗೀಟು ಎಳೆದು, "ಐದೂಕಾಲು" ಎಂದು ಬರೆದಿದ್ದಳು. ಅದರ ಮೇಲೆ ಇಷ್ಟುದ್ದ ಕೆಂಪು ಅಡ್ಡಗೀಟು. ಕೆಳಗೆ ದುಂಡಗಿನ ಚೆಂದದ ಅಕ್ಷರದಲ್ಲಿ, "ಮನೆಯಲ್ಲಿ ಕಲಿತದ್ದನ್ನು ಮೊದಲು ಮರೆಸಬೇಕು." ಅದರ ಕೆಳಗೆ ನನ್ನ ತಂಗಿಯ ಸಹಿ. ಓದಿದೆ, ಒಪ್ಪಿದೆ ಎಂದು.

ಆ ಸಹಿ ಮಾಡುವುದನ್ನು ಅವಳಿಗೆ ಕಲಿಸಿದವಳೂ ನಾನೇ.

"ಯಾರಿದು, ಕೆಂಪು ಶಾಯಿಯವಳು?" ಎಂದೆ ಪುಸ್ತಕ ಎತ್ತಿ ಹಿಡಿದು.

"ಅವರು ಹೆಡ್‌ಮೇಡಂ ಆಗಿದ್ದೋರು. ಈಗ ಮನೇಲಿ ಹೇಳಿಕೊಡ್ತಾರೆ. ಶನಿವಾರ ಮಾತ್ರ."

"ಪಾರ್ಕು ಅಂದರೆ ಇವರೇನಾ?"

ತಂಗಿ ತಲೆಯ ಟವೆಲು ಸರಿಮಾಡಿಕೊಂಡಳು. ನಾನು ಡ್ರೈವರನ ಕಡೆ ತಿರುಗಿದೆ. "ನಿಮಗೂ ಗೊತ್ತಿತ್ತಾ?"

"ಅಲ್ಲ ಅತ್ತಿಗೆ, ಗೊತ್ತಿತ್ತು ಅಂತಲ್ಲ, ಗೊತ್ತಿರಲಿಲ್ಲ ಅಂತಾನೂ ಅಲ್ಲ. ನಾನು ಸ್ಕೂಟರಿನಲ್ಲಿ ಬಿಟ್ಟು ಬರ್ತಿದ್ದೆ ಅಷ್ಟೆ."

"ಬಸ್ಸು ಹೀಗೇ ಓಡಿಸ್ತೀರಾ? ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ?"

ಬುಗುರಿ ಕಿಸಕ್ಕೆಂದು ನಕ್ಕಿತು. ಡ್ರೈವರು ಮತ್ತೆ ಲೋಟಕ್ಕೆ ಮುಖ ಹಾಕಿದ.

"ಶನಿವಾರ ಎರಡು ಗಂಟೆ ಹೊತ್ತು ಯಾರೋ ಏನೋ ಹೇಳಿಕೊಟ್ಟರೆ ಆಕಾಶ ಬೀಳುತ್ತಾ ಅಕ್ಕ?" ತಂಗಿಯ ದನಿ ಈಗ ಗಟ್ಟಿಯಾಯಿತು. "ಅವಳು ಐದಾದ ಮೇಲೆ ಆರು ಅಂತ ಬರೆಯಲ್ಲ. ನೀನೇ ನೋಡಿದೆಯಲ್ಲ."

"ಟೇಪಿನಲ್ಲಿ ಐದಾದ ಮೇಲೆ ಏನು ಬರುತ್ತೆ?"

"ಪ್ರಪಂಚ ಟೇಪಲ್ಲ!"

"ಆರು ವರ್ಷದ ಮಗೂಗೆ ಕಾಲು, ಅರೆ, ಮುಕ್ಕಾಲು ಗೊತ್ತು. ಆರು ಗೊತ್ತಿಲ್ಲದೇನೇ ಐದೂಕಾಲು ಬರೆದಳಾ? ಆರಕ್ಕೆ ಹೋಗೋ ಮೊದಲು ನಡುವೆ ಇರೋದನ್ನ ನೋಡಿದಳು. ಅದನ್ನ ಮರೆಸಬೇಕು ಅಂತ ನೀನು ಸಹಿ ಹಾಕಿದೆ. ಸರಿ, ಅದು ಹೋಗಲಿ. ಇದೇನು?"

ಮಡಿಸಿದ ಕಾಗದ ಬಿಚ್ಚಿದೆ. ಒಂದು, ಬರುವ ಗುರುವಾರ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಕರೆತರಬೇಕು ಎಂದು ದೊಡ್ಡ ಶಾಲೆಯೊಂದು ಕಳಿಸಿದ ಪತ್ರ. ಇನ್ನೊಂದು, ಅರ್ಜಿ ಕೊಟ್ಟದ್ದಕ್ಕೆ ಮುದ್ರೆ ಒತ್ತಿದ ರಶೀದಿ. ಮುದ್ರೆಯ ತಾರೀಕು ನಾವು ಅಡುಗೆಮನೆಯಲ್ಲಿ ಕಾಗದ ಹಾಸಿದ್ದಕ್ಕಿಂತ ನಾಲ್ಕು ದಿನ ಹಿಂದಿನದು. ಆ ಕಾಗದದ ಮೂಲೆಯಲ್ಲಿ ನಾನು ತಾರೀಕು ಹಾಕಿದ್ದೆ. ಯಾವ ನಕ್ಷೆಗಾದರೂ ತಾರೀಕು ಹಾಕುವುದು ನನ್ನ ಅಭ್ಯಾಸ. ತಂಗಿಯ ಕಣ್ಣು ಅವಳಿಗೇ ಗೊತ್ತಿಲ್ಲದೆ ಗೋಡೆಯ ಆ ಮೂಲೆಗೆ ಹೋಗಿ ಬಂತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಅಂದರೆ ನನ್ನ ಮುಂದೆ ಕೂತು ಅತ್ತೆಯಲ್ಲ, ಆಗಲೇ ಅರ್ಜಿ ಹೋಗಿತ್ತು."

"ಸಿಗುತ್ತೆ ಅಂತ ಗ್ಯಾರಂಟಿ ಇರಲಿಲ್ಲ ಅಕ್ಕ. ವರ್ಷದ ನಡುವೆ ಯಾರಾದರೂ ಬಿಟ್ಟು ಹೋದರೆ ಕರೀತೀವಿ ಅಂದಿದ್ದರು. ಅಲ್ಲೀವರೆಗೆ..."

"ಅಲ್ಲೀವರೆಗೆ?"

"ಹಳೇ ಶಾಲೆಗೆ ಕಳಿಸೋಕಾಗಲ್ಲ, ಮನೇಲಿ ಒಂಟಿಯಾಗಿ ಬಿಡೋಕಾಗಲ್ಲ. ನೀನಿದ್ದೆ. ಸೀಟು ಸಿಗದೇ ಹೋಗಿದ್ದರೆ ನೀನು ಹೇಗೂ ಇದ್ದೆಯಲ್ಲ."

"ಹಾಗಾದರೆ ನಾನು ಸ್ಟೆಪ್ನಿ," ಎಂದೆ.

"ಸ್ಟೆಪ್ನಿ ಇಲ್ಲದೆ ಯಾವ ಗಾಡೀನೂ ಡಿಪೋ ಬಿಟ್ಟು ಹೊರಡಲ್ಲ ಅತ್ತಿಗೆ," ಎಂದ ಡ್ರೈವರು. ಪಾಪ, ಸಮಾಧಾನ ಮಾಡಲೆಂದೇ ಹೇಳಿದ್ದು. ಹೇಳಿದ ಮೇಲೆ ಅವನೇ ಕಣ್ಣು ಮುಚ್ಚಿಕೊಂಡ.

"ಹೇಳಬಹುದಿತ್ತಲ್ಲೇ," ಎಂದೆ ತಂಗಿಗೆ. "ಅಕ್ಕ, ಸೀಟು ಸಿಗೋವರೆಗೆ ನೋಡ್ಕೋ ಅಂದಿದ್ದರೆ ಬರ್ತಿರಲಿಲ್ವಾ ನಾನು?"

"ನಿನಗೆ ಹೇಳಿದ್ದರೆ ಮನೆ ತಲೆ ಮೇಲೆ ಹೊತ್ಕೋತಿದ್ದೆ."

"ಹೊತ್ಕೋತಿದ್ದೆ. ಬೇಕರಿಗೆ ಹೋಗಿ ಬಂದು ಇಳಿಸ್ತಿದ್ದೆ. ನಿನಗೆ ಅದು ಗೊತ್ತಿಲ್ವಾ? ಆದರೆ ವರ್ಷ ಪೂರ್ತಿ ಅಂತ ಹೇಳಿ ನನ್ನ ಜಾಗ ಬಿಡಿಸಿದೆ. ಈ ಮಕ್ಕಳಿಗೂ ವರ್ಷ ಪೂರ್ತಿ ಅಂತ ಹೇಳಿದೆ. ಅದಿರಲಿ, ಆರು ವರ್ಷದ ಬಾಯಿಗೆ ಸುಳ್ಳು ತುಂಬಿದೆ. ಎಲ್ಲಿಗೆ ಹೋಗಿದ್ದೆ ಅಂದರೆ ಪಾರ್ಕು ಅನ್ನಬೇಕು. ನೋಡು ಅವಳ ಕಾಲರು! ನೋಡೇ!"

ಕಡ್ಡಿ ಕಾಲರಿನ ತುದಿಯನ್ನು ಬಾಯಿಯಿಂದ ಥಟ್ಟನೆ ತೆಗೆದಳು.

"ಮಗು ಕಚ್ಚುತ್ತೆ, ಬಿಡುತ್ತೆ," ಎಂದಳು ತಂಗಿ. ಅವಳ ಕಣ್ಣಲ್ಲೂ ನೀರಿತ್ತು, ಇಲ್ಲವೆನ್ನುವುದಿಲ್ಲ. "ನನಗೆ ಭಯ ಆಗುತ್ತೆ ಅಕ್ಕ. ಆಸ್ಪತ್ರೇಲಿ ಜೊತೆಯವರ ಮಕ್ಕಳು ಇಂಗ್ಲಿಷಿನಲ್ಲಿ ಪದ್ಯ ಹೇಳ್ತವೆ. ನಮ್ಮವು ಗುಂಡಿ ಎಣಿಸ್ತವೆ. ಎಷ್ಟು ದಿನ ಅಂತ ಎಣಿಸ್ತವೆ? ಹೀಗೇ ಬಿಟ್ಟರೆ ಅವೂ ನಿನ್ನ ಹಾಗೇ..."

ಅಲ್ಲಿಗೆ ನಿಲ್ಲಿಸಿದಳು.

"ಮುಗಿಸು," ಎಂದೆ.

"ಏನಿಲ್ಲ."

"ಎರಡಕ್ಕೇ ಚುಚ್ಚಿಬಿಟ್ಟೆಯಲ್ಲ, ಮೂರೂ ಎಣಿಸಿಬಿಡು."

ಅವಳು ಟವೆಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡಳು. ನಾನು ಸ್ಟೂಲಿನ ಮೇಲೆ ಕೂತೆ. ಬೇಕರಿಗೆ ಹೋಗಬೇಕು ಎನ್ನಿಸಲಿಲ್ಲ. ಸಿಟ್ಟು ಇದ್ದರಲ್ಲವೇ ಇಳಿಯುವುದು. ಎದೆಯಲ್ಲಿ ಇದ್ದದ್ದು ಸಿಟ್ಟಾಗಿರಲಿಲ್ಲ.

ಮಗ್ಗುಲಲ್ಲಿ ಕಡ್ಡಿ ಬಂದು ನಿಂತಳು. ನಾನು ಕೆಳಗಿಟ್ಟಿದ್ದ ಬ್ಯಾಗನ್ನು ಎತ್ತಿ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದಳು. "ನಾನು ತೋರಿಸಬಾರದಿತ್ತಾ ದೊಡ್ಡಮ್ಮ?"

ನಾನು ಕೈ ಚಾಚಿದೆ. "ಕೊಡು ಇಲ್ಲಿ. ತೋರಿಸಿದ್ದು ಸರಿ. ಹರಿದದ್ದನ್ನ ಯಾವಾಗಲೂ ತೋರಿಸಬೇಕು. ಯಾರು ಬೇಡ ಅಂದರೂ ತೋರಿಸಬೇಕು."

ಸೂಜಿ ಬದಲಾಯಿಸಿ ದಪ್ಪದ್ದು ಹಾಕಿದೆ. ಪಟ್ಟಿಯ ಕಿತ್ತ ತುದಿಯನ್ನು ಒಳಕ್ಕೆ ಮಡಚಿ, ಕೆಳಗೆ ಕ್ಯಾನ್ವಾಸಿನ ತುಂಡು ಕೊಟ್ಟು, ನಾಲ್ಕು ಸುತ್ತು ಹೊಲಿಗೆ ಹಾಕಿ, ನಡುವೆ ಅಡ್ಡಡ್ಡ ಕೂಡಿಸಿದೆ. ಎಷ್ಟು ಪುಸ್ತಕ ತುಂಬಿದರೂ ಇನ್ನು ಆ ಪಟ್ಟಿ ಕೀಳುವುದಿಲ್ಲ. ಮಗುವಿನ ಬೆನ್ನಿಗೆ ಹಾಕಿ ಅಳತೆ ನೋಡಿದೆ. ಎರಡು ಇಂಚು ಉದ್ದ ಬಿಟ್ಟಿದ್ದೆ, ಬೆಳೆಯುವ ಮೈ.

ಆಮೇಲೆ ಮಷೀನಿನ ಚಕ್ರದಿಂದ ಬೆಲ್ಟು ಜಾರಿಸಿದೆ. ಡ್ರಾಯರಿನಿಂದ ಸ್ಕ್ರೂಡ್ರೈವರು ತೆಗೆದು, ಮಷೀನಿನ ತಲೆಯನ್ನು ಹಿಂದಕ್ಕೆ ಮಗುಚಿ, ಕೀಲಿನ ಎರಡು ಸ್ಕ್ರೂ ಸಡಿಲಿಸಿದೆ. ಕತ್ತರಿ, ಬಾಬಿನ್ ಡಬ್ಬಿ, ಎರಡು ಸೀರೆ ಒಂದು ಚೀಲಕ್ಕೆ ಹೋದವು.

"ಏನು ಮಾಡ್ತಿದ್ದೀಯ ಅಕ್ಕ?" ಎಂದಳು ತಂಗಿ ಟವೆಲು ಇಳಿಸಿ.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಗುರುವಾರ ಪರೀಕ್ಷೆ ಇದೆ, ಓದಿಸು."

"ಎಲ್ಲಿಗೆ ಹೋಗ್ತೀಯ? ಜಗಲೀಲಿ ಜಾಗ ಇಲ್ಲ."

"ಇಲ್ಲ ಅಂತ ನಿನಗೆ ಚೆನ್ನಾಗಿ ಗೊತ್ತು."

ಬುಗುರಿ ಗೋಡೆಯ ಕಾಗದದ ಮುಂದೆ ನಿಂತು ಐದನೆಯ ತುಂಡಿನ ಮೇಲೆ ಬೆರಳಿಟ್ಟಿತ್ತು. "ದೊಡ್ಡಮ್ಮ, ಈ ತಿಂಗಳು ಬೀದಿ ತಾನೆ? ನಾಳೆ ಚಪ್ಪಲಿ ಅಜ್ಜನ ಹತ್ತಿರ ಹೋಗಬೇಕಲ್ಲ? ನಾನು ಹರಿದ ಚಪ್ಪಲಿ ಎತ್ತಿಟ್ಟಿದ್ದೀನಿ."

ಅದರ ತಲೆ ಮುಟ್ಟಿದೆ. ನಾಳೆ ಹೋಗೋಣ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಡ್ರೈವರನ ಭಾಷೆ ನನಗೂ ಬಂದುಬಿಟ್ಟಿತ್ತು.

ಮಷೀನಿನ ತಲೆಯನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡೆ. ಒಂದು ಕಾಲದಲ್ಲಿ ತಂಗಿಯನ್ನು ಇಡುತ್ತಿದ್ದ ಕಡೆಗೇ. ಭಾರ ಹೆಚ್ಚುಕಡಿಮೆ ಅಷ್ಟೇ. ಡ್ರೈವರು ಎದ್ದು, "ಸ್ಕೂಟರಿನಲ್ಲಿ ಬಿಡ್ತೀನಿ ಅತ್ತಿಗೆ" ಎಂದ. "ನೀವು ಬಿಟ್ಟು ಬಂದದ್ದು ಸಾಕು," ಎಂದೆ.

ಎರಡು ಮಹಡಿ ಮೆಟ್ಟಿಲು. ಅರ್ಧ ಇಳಿದಾಗ ಮೇಲಿನಿಂದ ತಂಗಿಯ ಮಾತು ಕೇಳಿಸಿತು. "ಮಷೀನಿನ ಸ್ಟ್ಯಾಂಡು ಇಲ್ಲೇ ಬಿಟ್ಟಿದ್ದಾಳೆ. ಬೇಕರಿಗೆ ಹೋಗಿ ಬರ್ತಾಳೆ ಬಿಡಿ. ಬ್ರೆಡ್ಡು ತಂದ ಮೇಲೆ ನಾನೇ ಮಾತಾಡ್ತೀನಿ."

ಬೀದಿಯಲ್ಲಿ ಬಿಸಿಲು ಏರಿತ್ತು. ಬೀಗದ ಕೈಯವನು ಇನ್ನೂ ಬಾಗಿಲು ತೆಗೆದಿರಲಿಲ್ಲ. ಚಪ್ಪಲಿ ಅಜ್ಜ ಗೋಣಿ ಹಾಸುತ್ತಿದ್ದ, "ಮಕ್ಕಳೆಲ್ಲಿ?" ಎಂದ. ನನ್ನನ್ನು ದೂರದಿಂದಲೇ ಕಂಡ ಬೇಕರಿಯವನು ಆಗಲೇ ಬ್ರೆಡ್ಡಿಗೆ ಕಾಗದ ಸುತ್ತಲು ಶುರುಮಾಡಿದ್ದ.

"ಇವತ್ತು ಯಾರ ಮೇಲಮ್ಮ?"

"ಇವತ್ತು ಬ್ರೆಡ್ಡು ಬೇಡ," ಎಂದೆ.

ಅವನು ಸುತ್ತುವುದನ್ನು ನಿಲ್ಲಿಸಿ, ಸೊಂಟದ ಮೇಲಿದ್ದ ಮಷೀನನ್ನು ನೋಡಿದ. ನಾನು ಮಷೀನನ್ನು ಬಲ ಸೊಂಟದಿಂದ ಎಡಕ್ಕೆ ಬದಲಾಯಿಸಿಕೊಂಡು ಬೇಕರಿ ದಾಟಿದೆ. ಆ ಬೀದಿಗೆ ಮತ್ತೆ ಹೋಗಿಲ್ಲ.